ಎಣ್ಣೆ ಇಳಿಯುವ ಹತ್ತು ನಿಮಿಷ

ಟೀಟೊ ಸಬಾಲಾ ಶವದ ಗಾಡಿಯ ಬಾನೆಟ್ ಎತ್ತಿ, ಎಣ್ಣೆ ನೋಡುವ ಕಡ್ಡಿಯನ್ನು ಹೊರಗೆಳೆದು, ಅದನ್ನು ಒರೆಸಲು ಕರಿಕೋಟಿನ ಜೇಬಿನಲ್ಲಿ ಬಟ್ಟೆಗಾಗಿ ತಡಕಾಡುತ್ತಿದ್ದ. ಮನೆಯೊಳಗೆ ಶವಪೆಟ್ಟಿಗೆಯ ಮುಚ್ಚಳ ಹಾಕಿಯಾಗಿತ್ತು. ಹೂವಿನ ಚಕ್ರಗಳು ಬಾಗಿಲಿಗೆ ಬಂದಿದ್ದವು. ಅಲ್ಲಿ ಚಳಿಗಾಲವಾದ ಆಗಸ್ಟ್ ತಿಂಗಳ ಕೊರೆಯುವ ತೆಂಕಣ ಗಾಳಿಗೆ ಸಾಂತಾ ಬ್ರೀಜಿದಾದ ಅರ್ಧ ಊರು ಕೋಟಿನ ಕೊರಳಪಟ್ಟಿ ಎತ್ತಿಕೊಂಡು ಬೀದಿಯಲ್ಲಿ ನಿಂತಿತ್ತು.

"ಈಗ್ಲೇ ನೋಡ್ಬೇಕಾ ಅದನ್ನ?" ಎಂದಳು ಔಷಧಿ ಅಂಗಡಿಯ ದೆಲ್ಫೀನಾ.

"ನೋಡದೆ ಹೊರಟ್ರೆ ಹಿಂದೆ ಮಲಗೋನು ಎದ್ದು ಬೈತಾನೆ."

ನಾಲ್ಕೈದು ಜನ ನಕ್ಕರು. ನಕ್ಕ ಮೇಲೆ ಏನು ಮಾಡಬೇಕೆಂದು ತೋಚದೆ ನೆಲ ನೋಡಿದರು. ಹಿಂದೆ ಮಲಗಲಿದ್ದವನು ಓವಿಡಿಯೊ ಬರ್ತೊನಾ. ನಲವತ್ತೊಂದು ವರ್ಷ ಊರಿನ ಕಾರುಗಳಿಗೆಲ್ಲ ಎಣ್ಣೆ ಹಾಕಿದವನು. ನಿನ್ನೆ ಬೆಳಿಗ್ಗೆ ಅಂಗಡಿಯ ಷಟರ್ ಎತ್ತುವಾಗ ಎದೆ ಕೈಕೊಟ್ಟಿತ್ತು. ಸ್ಮಶಾನಕ್ಕೆ ಹೊರಟು ಸಾಲಾಗಿ ನಿಂತಿದ್ದ ಹದಿನೆಂಟು ಕಾರುಗಳಲ್ಲೂ ಚಾಲಕನ ಬಾಗಿಲ ಚೌಕಟ್ಟಿಗೆ ಅವನ ಕೈಬರಹದ ಚೀಟಿ ಅಂಟಿತ್ತು: ಯಾವ ಎಣ್ಣೆ ಹಾಕಿದ್ದು, ಎಷ್ಟು ಕಿಲೋಮೀಟರಿಗೆ, ಮತ್ತೆ ಯಾವಾಗ ಬರಬೇಕು. ಅವನಿಗೆ ಮಾತ್ರ ಕಾರಿರಲಿಲ್ಲ, ಸೈಕಲ್ಲಿನಲ್ಲಿ ಓಡಾಡುತ್ತಿದ್ದ.

ನೆಲಿಡಾ ಇತುರ್ರಾಲ್ದೆ ಗೋಡೆಗೆ ಒರಗಿ ನಿಂತಿದ್ದಳು. ಐವತ್ತೊಂಬತ್ತರ ಒಂಟಿ ಹೆಂಗಸು. ಸುತ್ತಲಿನ ಹೊಲಮನೆಗಳಿಗೆ ಹೋಗಿ ಕಿಟಕಿ ಅಳೆದು ಪರದೆ ಹೊಲಿದು ಕೊಡುವುದು ಅವಳ ಕಸುಬು. ರೊಸಾರಿಯೊದಿಂದ ರಾತ್ರಿ ಬಸ್ಸಿನಲ್ಲಿ ಬಂದಿಳಿದ ಓವಿಡಿಯೊನ ತಂಗಿ ಇರ್ಮಾ ಒಬ್ಬೊಬ್ಬರ ಕೈ ಹಿಡಿದು ಮಾತಾಡಿಸುತ್ತಾ ಇವಳ ಬಳಿಗೂ ಬಂದಳು.

"ನೀವು ಅವನಿಗೆ ಏನಾಗಬೇಕು?"

ಹತ್ತೊಂಬತ್ತು ವರ್ಷ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

"ಗಿರಾಕಿ," ಎಂದಳು ನೆಲಿಡಾ.

ಇರ್ಮಾ ತಲೆಯಾಡಿಸಿ ಮುಂದಿನವರ ಕೈ ಹಿಡಿದಳು. ಅಲ್ಲಿಗೆ ಮುಗಿಯಿತು. ನಿಜವೇ ತಾನೇ, ಬೇರೆ ಏನು ಹೇಳಬಹುದಿತ್ತು ಎಂದು ನೆಲಿಡಾ ತನಗೆ ತಾನೇ ಹೇಳಿಕೊಂಡಳು.

*

ಹತ್ತೊಂಬತ್ತು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗ ಅವನ ಬಿಳಿ ರೆನೋ ಹನ್ನೆರಡು ಕಾರು ನೆಲಿಡಾಳ ಪಾಲಿಗೆ ಬಂದಿತ್ತು. ಎರಡನೇ ಗೇರಿಗೆ ಹಾಕಿದಾಗಲೆಲ್ಲ ಹಲ್ಲು ಕಡಿದಂತೆ ಸದ್ದು ಮಾಡುತ್ತಿತ್ತು. ಪಕ್ಕದ ಊರಿನ ಗ್ಯಾರೇಜಿನವನು ಗೇರ್ ಪೆಟ್ಟಿಗೆಯನ್ನೇ ಬದಲಾಯಿಸಬೇಕು ಎಂದಿದ್ದ. ಓವಿಡಿಯೊ ಕೆಳಗಿನ ಬಿರಡೆ ತೆಗೆದು, ಎರಡು ಹನಿ ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು ಮೂಸಿ, ಮುಖ ಸಿಂಡರಿಸಿದ.

"ಯಾರು ಹಾಕಿದ್ದು ಇದನ್ನ? ಇದು ಲಾರಿಯ ಹಿಂದಿನ ಅಚ್ಚಿಗೆ ಹಾಕೋ ಎಣ್ಣೆ. ಒಳಗೆ ಹಿತ್ತಾಳೆ ಬಳೆಗಳಿವೆ ಸೆನ್ಯೋರಿತಾ, ಅವನ್ನ ತಿಂದುಹಾಕುತ್ತೆ. ಪೆಟ್ಟಿಗೆ ಚೆನ್ನಾಗೇ ಇದೆ. ಅದರ ಹೊಟ್ಟೆಗೆ ಒಗ್ಗದ್ದನ್ನ ಕುಡಿಸಿದ್ದಾರೆ, ಅಷ್ಟೇ."

ಆಮೇಲೆ ಎಂಜಿನ್ ಎಣ್ಣೆಯ ಸರದಿ. ಡಬ್ಬಿಗೆ ಕೈ ಹಾಕುವ ಮೊದಲು ಅವನು ಪ್ರಶ್ನೆ ಕೇಳುತ್ತಿದ್ದ, ಎಲ್ಲರಿಗೂ ಕೇಳುತ್ತಿದ್ದ. ದಿನಕ್ಕೆ ಎಷ್ಟು ದೂರ? ಮಣ್ಣಿನ ರಸ್ತೆಯೋ, ಡಾಂಬರೋ? ಜೋರಾಗಿ ಓಡಿಸುತ್ತೀರಾ? ಭಾರ ಹೇರುತ್ತೀರಾ? ಎಷ್ಟು ಜನ ಕೂರುತ್ತೀರಿ?

"ಒಬ್ಬಳೇ," ಎಂದಿದ್ದಳು.

"ಯಾವಾಗಲೂ?"

"ಯಾವಾಗಲೂ."

ಅವನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿದ. ಹಳೆಯ ಎಂಜಿನ್ನಿಗೆ ತೆಳು ಎಣ್ಣೆ ಹಾಕಿದರೆ ಸಂದುಗಳಲ್ಲೆಲ್ಲ ಸೋರಿಹೋಗುತ್ತದೆ, ದುಬಾರಿಯದೆಲ್ಲ ಒಳ್ಳೆಯದಲ್ಲ ಎಂದು ವಿವರಿಸಿ, ಇಪ್ಪತ್ತು-ಐವತ್ತರ ಮಂದ ಎಣ್ಣೆ ಹಾಕಿದ. ಚೀಟಿ ಅಂಟಿಸಿದ: ಇನ್ನು ಸಾವಿರದ ಐನೂರು ಕಿಲೋಮೀಟರಿಗೆ ಬನ್ನಿ.

ಹಾಗೆ ಎರಡು ತಿಂಗಳಿಗೊಮ್ಮೆ ಹೋಗುವುದು ಶುರುವಾಯಿತು. ಎಂಜಿನ್ ಆರಿಸಿದ ಮೇಲೆ ಎಣ್ಣೆ ತಳಕ್ಕಿಳಿಯಲು ಹತ್ತು ನಿಮಿಷ ಬೇಕು ಎಂಬುದು ಅವನ ಕಟ್ಟುಪಾಡು. ಆ ಹತ್ತು ನಿಮಿಷಕ್ಕೆಂದು ಎರಡು ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಯೆರ್ಬಾ ಸೊಪ್ಪಿನ ಕಷಾಯಕ್ಕೆ ಬಿಸಿನೀರು ಹೊಯ್ದು ಒಂದೇ ಸೋರೆ ಬುರುಡೆಯಲ್ಲಿ, ಒಂದೇ ಲೋಹದ ಕೊಳವೆಯಲ್ಲಿ, ಅವನೊಂದು ಸರದಿ ಇವಳೊಂದು ಸರದಿ ಹೀರುತ್ತಿದ್ದರು. ಹತ್ತು ನಿಮಿಷ ಎಷ್ಟೋ ಸಲ ನಲವತ್ತಾಗುತ್ತಿತ್ತು. ಎಣ್ಣೆ ಇಳಿಯುವುದಕ್ಕೆ ಅಷ್ಟು ಹೊತ್ತು ಬೇಡವೆಂದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಗಡಿಯಾರ ನೋಡುತ್ತಿರಲಿಲ್ಲ.

ಪರದೆ ಕೆಲಸ ಕಡಿಮೆಯಾದ ತಿಂಗಳುಗಳಲ್ಲಿ ಅಷ್ಟು ಕಿಲೋಮೀಟರು ಆಗುತ್ತಿರಲಿಲ್ಲ. ಆಗ ನೆಲಿಡಾ ಊರಾಚೆಯ, ಧಾನ್ಯ ತುಂಬಿಡುವ ಗೋಪುರಗಳವರೆಗೆ ಹತ್ತೊಂಬತ್ತು ಕಿಲೋಮೀಟರು ಸುಮ್ಮನೆ ಹೋಗಿ, ಅಲ್ಲೊಂದು ಸುತ್ತು ಹಾಕಿ ಹಿಂದಿರುಗುತ್ತಿದ್ದಳು. ಅಲ್ಲಿ ಅವಳಿಗೆ ಪಾರಿವಾಳಗಳನ್ನು ಬಿಟ್ಟು ಯಾರ ಪರಿಚಯವೂ ಇರಲಿಲ್ಲ.

ನಾಲ್ಕು ವರ್ಷದ ಹಿಂದೆ ಒಮ್ಮೆ, ಬನ್ನಿ, ಗೋಪುರದವರೆಗೆ ಹೋಗಿ ಬರೋಣ, ನೀವು ಹಾಕಿದ ಎಣ್ಣೆ ಹೇಗೆ ಓಡುತ್ತದೆ ನೋಡಿ ಎಂದು ಕರೆದಿದ್ದಳು. ಓವಿಡಿಯೊ ಕೈಯನ್ನು ಬಟ್ಟೆಯಲ್ಲಿ ತುಂಬ ಹೊತ್ತು ಒರೆಸಿಕೊಂಡ. ಅಂಗಡಿ ನೋಡಿಕೊಳ್ಳುವವರು ಯಾರೂ ಇಲ್ಲ ಎಂದ. ಅವಳು ಮತ್ತೆ ಕರೆಯಲಿಲ್ಲ. ತಾನು ಗಿರಾಕಿ ಅಷ್ಟೇ ಎಂದು ಅವತ್ತೇ ಮನಸ್ಸಿಗೆ ಹೇಳಿ ಮುಗಿಸಿದ್ದಳು. ಮನಸ್ಸು ಕೇಳಲಿಲ್ಲ, ಆ ಮಾತು ಬೇರೆ.

*

ನೆಲಿಡಾ ನಡೆದು ಬಂದಿದ್ದರಿಂದ ದೆಲ್ಫೀನಾ ತನ್ನ ಕಾರಿಗೆ ಕರೆದಳು. ಅವಳದೂ ಬಿಳಿ ರೆನೋ ಹನ್ನೆರಡೇ, ಅದೇ ವರ್ಷದ್ದು. ಸಂತೆಯಲ್ಲಿ ಎರಡು ಸಲ ಇಬ್ಬರೂ ಅದಲುಬದಲು ಹತ್ತಲು ಹೋಗಿದ್ದುಂಟು. ದೆಲ್ಫೀನಾ ಬಾಗಿಲು ತೆರೆದಾಗ ಚೌಕಟ್ಟಿನ ಚೀಟಿ ಕಣ್ಣಿಗೆ ಬಿತ್ತು. ಇಪ್ಪತ್ತು-ಐವತ್ತು. ಹಾಕಿದ್ದು 44,000ಕ್ಕೆ. ಮುಂದಿನದು 49,000.

ನೆಲಿಡಾ ಅದನ್ನು ಎರಡು ಸಲ ಓದಿದಳು.

"ಐದು ಸಾವಿರ?"

"ಮತ್ತಿನ್ನೆಷ್ಟು? ಎಲ್ಲರಿಗೂ ಅಷ್ಟೇ," ಎಂದು ದೆಲ್ಫೀನಾ ಕಾರು ಹೊರಡಿಸಿದಳು. "ಒಂದ್ಸಲ ನಾಲ್ಕು ಸಾವಿರಕ್ಕೇ ಹೋಗಿದ್ದೆ. ಒಳ್ಳೇ ಎಣ್ಣೇನ ಚರಂಡಿಗೆ ಸುರೀಬೇಕಾ ಅಂತ ಬಾಗಿಲಲ್ಲೇ ಬೈದು ಕಳಿಸಿದ. ಟೀಟೊಗೂ ಹಾಗೇ ಮಾಡಿದಾನೆ. ಯಾಕೆ, ನಿನಗೆಷ್ಟಕ್ಕೆ ಬಾ ಅಂತಿದ್ದ?"

"ಒಂದೂವರೆ."

ದೆಲ್ಫೀನಾ ತಿರುಗಿ ನೋಡಿದಳು. "ಒಂದೂವರೆ ಸಾವಿರ? ಅಯ್ಯೋ ನೆಲಿ, ನಿನ್ನ ಹತ್ರ ಚೆನ್ನಾಗಿ ವ್ಯಾಪಾರ ಮಾಡ್ಕೊಂಡಿದಾನೆ ಬಿಡು. ಸತ್ತೋನ ಬಗ್ಗೆ ಹೇಳಬಾರದು. ಆದ್ರೂ ಹೆಂಗಸು, ಗೊತ್ತಾಗಲ್ಲ ಅಂತ ತಾನೇ?"

ನೆಲಿಡಾ ಕಿಟಕಿಯ ಹೊರಗೆ ನೋಡಿದಳು. ಕೊಯ್ಲಾದ ಜೋಳದ ಹೊಲಗಳು ಬೋಳಾಗಿ ಬಿದ್ದಿದ್ದವು. ಅವನು ಎಣ್ಣೆ ಇಳಿಸುವಾಗ ಯಾವಾಗಲೂ ಅವಳಿಗೆ ಬೆನ್ನು ಮಾಡಿ, ತಟ್ಟೆಗೆ ಅಡ್ಡವಾಗಿ ನಿಲ್ಲುತ್ತಿದ್ದ. ನಿಮ್ಮ ಬಟ್ಟೆಗೆ ಸಿಡಿಯುತ್ತದೆ, ಕುರ್ಚಿಯಲ್ಲೇ ಕೂತಿರಿ ಎನ್ನುತ್ತಿದ್ದ. ಕೆಲಸ ಮುಗಿದ ಎಣ್ಣೆ ಕಪ್ಪಾಗಿರುತ್ತದೆ, ಆದರೆ ಹತ್ತೊಂಬತ್ತು ವರ್ಷದಲ್ಲಿ ತನ್ನ ಕಾರಿನಿಂದ ಇಳಿದ ಎಣ್ಣೆಯ ಬಣ್ಣವನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ. ಅಂದರೆ ಮೋಸ ಮಾಡಿದ್ದ. ಊರಿನಲ್ಲಿ ಯಾರಿಗೂ ಒಂದು ಹನಿ ಸುಳ್ಳು ಹೇಳದವನು ತನಗೊಬ್ಬಳಿಗೇ ಹೇಳಿದ್ದ. ಅದು ವ್ಯಾಪಾರವೋ ಇನ್ನೇನೋ ಎಂದು ಕೇಳೋಣವೆಂದರೆ ಅವನು ಮುಂದಿನ ಗಾಡಿಯಲ್ಲಿ ಮಲಗಿದ್ದ.

ಸ್ಮಶಾನದಲ್ಲಿ ಪಾದ್ರಿ ಗಾಳಿಗೆ ಹೆದರಿ ಬೇಗ ಮುಗಿಸಿದರು. ಜನ ಇರ್ಮಾಳ ಕೈ ಕುಲುಕಿ ಕಾರುಗಳತ್ತ ಓಡಿದರು. ಮಣ್ಣಿನ ಗುಪ್ಪೆಯ ಪಕ್ಕ ಇರ್ಮಾ ಒಬ್ಬಳೇ ಉಳಿದಳು. ನೆಲಿಡಾಳೂ ಹೊರಡಲಿಲ್ಲ.

"ನಮ್ಮಮ್ಮ ಹೋದ ಮೇಲೆ ನನ್ನ ಮನೆಗೇ ಬಂದಿರು ಅಂತ ಎಷ್ಟು ಕರೆದೆ," ಎಂದಳು ಇರ್ಮಾ ಕೊನೆಗೆ. ಅವಳ ದನಿಯಲ್ಲಿ ದುಃಖಕ್ಕಿಂತ ಸಿಟ್ಟೇ ಹೆಚ್ಚಿತ್ತು. "ಅಳಿಯಂದಿರಿದ್ದಾರೆ, ಮೊಮ್ಮಕ್ಕಳಿದ್ದಾರೆ, ಕೋಣೆ ಖಾಲಿ ಬಿದ್ದಿದೆ. ಬರಲೇ ಇಲ್ಲ. ಒಂದು ಕಾರಿದೆ, ಅದನ್ನ ಬೇರೆಯವರ ಕೈಗೆ ಬಿಡೋಕಾಗಲ್ಲ ಅಂತಿದ್ದ. ಒಳಗೆ ಹಿತ್ತಾಳೆ ಬಳೆ ಇದೆಯಂತೆ, ಯಾರಾದ್ರೂ ತಪ್ಪು ಎಣ್ಣೆ ಹಾಕಿಬಿಟ್ರೆ ಅಂತ. ಹತ್ತು ವರ್ಷ ಇದೇ ಹೇಳಿದ. ಒಂದು ಕಾರಿಗೋಸ್ಕರ ಯಾರಾದ್ರೂ ಒಬ್ಬನೇ ಸಾಯ್ತಾರಾ?"

ನೆಲಿಡಾ ಗಾಳಿಗೆ ಉರುಳಿದ ಒಂದು ಹೂವಿನ ಚಕ್ರವನ್ನು ಎತ್ತಿ ಗುಪ್ಪೆಗೆ ಒರಗಿಸಿದಳು.

"ಯಾರದು ಆ ಕಾರು, ನಿಮಗೇನಾದ್ರೂ ಗೊತ್ತಾ?"

"ಗೊತ್ತು," ಎಂದಳು ನೆಲಿಡಾ. "ನಂದು."

ಇರ್ಮಾ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಸವೆದ ಚಳಿಕೋಟು, ಸೂಜಿ ಚುಚ್ಚಿ ಗಟ್ಟಿಯಾದ ಬೆರಳು, ಅಳದೇ ಇದ್ದ ಕಣ್ಣು. ಸಿಟ್ಟು ಮಾಡಬೇಕೋ ಬೇಡವೋ ಎಂದು ಯೋಚಿಸುವವಳ ಹಾಗೆ ತುಟಿ ಬಿಗಿದಳು. ಆಮೇಲೆ ತನ್ನ ಕೈಯಲ್ಲುಳಿದಿದ್ದ ಎರಡು ಬಿಳಿ ಹೂಗಳಲ್ಲಿ ಒಂದನ್ನು ಅವಳಿಗೆ ಕೊಟ್ಟಳು. ಇಬ್ಬರೂ ಒಟ್ಟಿಗೆ ಮಣ್ಣಿನ ಮೇಲಿಟ್ಟರು.

*

ಮನೆಗೆ ಬಂದವಳು ಕೋಟು ತೆಗೆಯಲಿಲ್ಲ. ಕಾರಿನ ಬಾಗಿಲು ತೆರೆದು ಚೀಟಿ ನೋಡಿದಳು. ಮುಂದಿನದು 61,300. ಲಕ್ಷ ದಾಟಿದೊಡನೆ ಸೊನ್ನೆಗೆ ಮರಳುವ ಕಾರಿನ ಅಂಕಿ ಈಗ 61,262 ತೋರಿಸುತ್ತಿತ್ತು. ಗೋಪುರಕ್ಕೆ ಹೋಗಿ ಬಂದರೆ ಸರಿಯಾಗುತ್ತಿತ್ತು.

ಹೋದಳು. ಪಕ್ಕದ ಸೀಟಿನಲ್ಲಿ ಯಾವಾಗಲೂ ಇರುವ ಪರದೆ ಬಟ್ಟೆಯ ಗಂಟನ್ನು ಮಾತ್ರ ತೆಗೆದು ಹಿಂದಕ್ಕೆ ಹಾಕಿ ಆ ಸೀಟು ಖಾಲಿ ಮಾಡಿಕೊಂಡಳು. ಎರಡನೇ ಗೇರು ಸದ್ದಿಲ್ಲದೆ ಬಿತ್ತು. ಗೋಪುರಗಳ ಬುಡದಲ್ಲಿ ಒಂದು ಸುತ್ತು ಹಾಕಿದಾಗ ಪಾರಿವಾಳಗಳು ಎದ್ದವು. ಹಿಂದಿರುಗುವಾಗ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ನೆಲಿಡಾ ಅಳುತ್ತಲೇ ಕಾರು ಓಡಿಸಿದಳು.

ಅಂಗಡಿಯ ಷಟರನ್ನು ಯಾರೋ ಪೂರ್ತಿ ಎಳೆದು ಬೀಗ ಹಾಕಿದ್ದರು. ಅದರ ಮುಂದೆ ಕಾರು ನಿಲ್ಲಿಸಿ ಎಂಜಿನ್ ಆರಿಸಿದಳು. ಎಣ್ಣೆ ಇಳಿಯಲಿ ಎಂದು ಕಾದಳು. ಈ ಸಲ ಗಡಿಯಾರ ನೋಡಿದಳು, ಸರಿಯಾಗಿ ಹತ್ತು ನಿಮಿಷ. ಹಿಂದೆಂದೂ ಅದು ಅಷ್ಟು ಉದ್ದವಾಗಿರಲಿಲ್ಲ.

ಇಳಿದು ಬಾನೆಟ್ ಎತ್ತಿದಳು. ಹೊಸ ಎಣ್ಣೆ ಹಾಕಿದ ಮೇಲೆ ಅವನು ಮಾಡುವಾಗ ನೂರು ಸಲ ನೋಡಿದ್ದ ಕೆಲಸ, ತಾನು ಒಮ್ಮೆಯೂ ಮಾಡಿದ್ದಲ್ಲ. ಕಡ್ಡಿ ಎಳೆದು ಒರೆಸಿ, ಮತ್ತೆ ಇಳಿಸಿ, ಮತ್ತೆ ಎಳೆದಳು. ಸಾವಿನ ಮನೆಗೆಂದು ಇಸ್ತ್ರಿ ಮಾಡಿ ತಂದಿದ್ದ ಬಿಳಿ ಕರ್ಚೀಫನ್ನು ಕಡ್ಡಿಯ ತುದಿಗೆ ಒತ್ತಿ ಬೆಳಕಿಗೆ ಹಿಡಿದಳು.

ಬಟ್ಟೆಯ ಮೇಲೆ ಉದ್ದಕ್ಕೆ ಜೇನಿನ ಬಣ್ಣದ ಒಂದು ಗೆರೆ ಮೂಡಿತ್ತು. ಕಪ್ಪು ಎಲ್ಲೂ ಇರಲಿಲ್ಲ.