ಮೇಸ್ತ್ರಿಯ ಚೊಕ್ಕ ಬಾಯಿ

ಅಪೊಲೋನಿಯಾ ಎಂಬುದು ಹಲ್ಲುನೋವಿಗೆ ಹರಕೆ ಹೊರುವ ಸಂತಳ ಹೆಸರು. ಮೊಮ್ಮಗಳಿಗೆ ಅದನ್ನು ಇಟ್ಟದ್ದು ಅಜ್ಜಿ. ಮಂಗಳೂರಿನ ಕುಲಶೇಖರದ ಈ ಹುಡುಗಿ ನರ್ಸಿಂಗ್ ಪಾಸಾಗಿ, ಬಿಳಿ ಟೊಪ್ಪಿಯ ಗಂಜಿ ಆರುವ ಮೊದಲೇ ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ ಹಿಡಿದಳು. ಆ ಸಂತಳು ಅಲ್ಲಿಗೂ ಬೆನ್ನು ಹತ್ತಿ ಬರುತ್ತಾಳೆಂದು ಪಾಪ, ಅವಳಿಗೇನು ಗೊತ್ತು?

ಕಾರ್ಖಾನೆಯ ದಣಿ ಮಹಾಬಲರಾಯರು ಅವಳಿಗೆ ಒಂದು ಕೋಣೆ, ಒಂದು ಬೇಸಿನ್, ಒಂದು ತಿಂಗಳ ವಾಯಿದೆ ಕೊಟ್ಟರು. ಮೊದಲ ದಿನವೇ ಬಾಗಿಲು ಓರೆ ಮಾಡಿ, ಕ್ರಿಸ್ತರ ಹೆಂಗಸರನ್ನು ಊರವರು ಕರೆಯುವಂತೆ ಬಾಯಮ್ಮ ಎಂದು ಕರೆದು, ಗುಟ್ಟು ಬಿಚ್ಚಿದರು.

"ಬೀಜ ಒಡೆಯುವ ಹೆಂಗಸರು ಕದ್ದು ತಿಂತಾರೆ ಬಾಯಮ್ಮ. ಮೇಸ್ತ್ರಿ ಹೋಗಿ ಬಾಯಿ ತೆರೆ ಅಂದ್ರೆ ಚಂದ ಆಗುದಿಲ್ಲ. ನರ್ಸ್ ಹೇಳ್ಬಹುದಲ್ಲ? ಹಲ್ಲು ಪರೀಕ್ಷೆ ಅಂತ ನೋಡಿ, ತಿಂದವರ ಹೆಸರು ನನಗೆ ಹೇಳಿ. ತಿಂಗಳೊಳಗೆ ಒಬ್ಬಳೂ ಸಿಕ್ಕದಿದ್ರೆ ನೀವು ಇಲ್ಲಿ ಎಂತಕ್ಕೆ?"

ಅವಳು ಬಂದದ್ದು ಕೈ ನೋಡಲಿಕ್ಕೆ, ಬಾಯಿ ನೋಡಲಿಕ್ಕಲ್ಲ. ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮವನ್ನೇ ಸುಡುತ್ತದೆ. ಎಷ್ಟು ಬೂದಿ ಹಚ್ಚಿಕೊಂಡು ಕೂತರೂ ಹೆಂಗಸರ ಬೆರಳುಗಳು ಕಪ್ಪಾಗಿ, ಬೊಕ್ಕೆ ಎದ್ದು, ಸುಲಿಯುತ್ತಿದ್ದವು. ಅವಳು ತೆಂಗಿನೆಣ್ಣೆ, ಬಟ್ಟೆ ಇಟ್ಟುಕೊಂಡು ಕಾದಳು. ಒಂದು ನರಪಿಳ್ಳೆಯೂ ಬರಲಿಲ್ಲ. ಎಲ್ಲರಿಗಿಂತ ಹಿರಿಯಳಾದ ದೇಯಿಯಕ್ಕನ ಹತ್ತಿರ ತಾನೇ ಹೋದರೆ, ಅವಳು ಕೈಗಳನ್ನು ಸೆರಗಿನೊಳಗೆ ಸೇರಿಸಿದಳು.

"ನಮಗೆ ಎಂತ ಇಲ್ಲ ಬಾಯಮ್ಮ. ನೀವು ನೋಡ್ಲಿಕ್ಕೆ ಬಂದದ್ದು ಬೇರೆಯೇ ಅಂತೆ. ಮೇಸ್ತ್ರಿ ಹೇಳಿದ್ರು."

ಮೇಸ್ತ್ರಿ ಮಾಯಿಲಪ್ಪ ಅದನ್ನಾಗಲೇ ಬೀಜ ಒಡೆಯುವ ಶೆಡ್ಡಿಗೆಲ್ಲ ಸಾರಿದ್ದ. ಅಪೊಲೋನಿಯಾಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟು ಬಂತು. ಹೆಸರು ಹೇಳಿದರೆ ಈ ಹೆಂಗಸರ ಹೊಟ್ಟೆಗೆ ಹೊಡೆದಂತೆ, ಹೇಳದಿದ್ದರೆ ತನ್ನ ಹೊಟ್ಟೆಗೇ ತಣ್ಣೀರು ಬಟ್ಟೆ. ಸಿಟ್ಟಿನಲ್ಲೇ ಕೂತು ನೋಡುತ್ತಿದ್ದಾಗ ಒಂದು ವಿಚಿತ್ರ ಕಂಡಿತು. ಮಾಯಿಲಪ್ಪನಿಗೆ ಎಲೆಯಡಿಕೆ ಎಂದರೆ ಆಗದು. ಇದ್ದಿಲು ತಿಕ್ಕಿದ ಬಿಳಿ ಹಲ್ಲನ್ನು ಸಿಕ್ಕವರಿಗೆಲ್ಲ ತೋರಿಸಿ, ಎಲೆ ತಿನ್ನುವವರನ್ನು ಹಂಗಿಸುವುದೇ ಅವನ ಕಸುಬು. ಆದರೂ ಅವನ ದವಡೆ ಇಡೀ ದಿನ ಆಡುತ್ತಲೇ ಇತ್ತು.

ಮರುದಿನ ಅವಳು ಶೆಡ್ಡಿನ ನಡುವೆ ನಿಂತು ಗಟ್ಟಿಯಾಗಿ ಹೇಳಿದಳು: "ನಾಳೆ ಎಲ್ಲರ ಬಾಯಿ ಪರೀಕ್ಷೆ ಉಂಟು. ದಯವಿಟ್ಟು ಯಾರೂ ಎಲೆಯಡಿಕೆ ಹಾಕ್ಬೇಡಿ. ಹಾಕಿದ್ರೆ ಬಾಯಿಯೆಲ್ಲ ಕೆಂಪಾಗಿ ನನಗೆ ಎಂತದೂ ಕಾಣುದಿಲ್ಲ. ಎಂತದೂ!"

ಮಾಯಿಲಪ್ಪ ತಲೆಯಾಡಿಸಿ ಮೆಚ್ಚಿದ. ದೇಯಿಯಕ್ಕ ಮಾತ್ರ ಕೈಯ ಕೊಡತಿ ನಿಲ್ಲಿಸಿ, ಈ ಹುಡುಗಿಯ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದಳು.

ಮರುದಿನ ಕೋಣೆಗೆ ಬಂದ ಬಾಯಿಗಳೆಲ್ಲ ಕೆಂಪೋ ಕೆಂಪು. ಎಂದೂ ಎಲೆ ಮುಟ್ಟದ ಮುದ್ದು ಎಂಬ ಹುಡುಗಿ ಕೂಡ ಕೆನ್ನೆ ಉಬ್ಬಿಸಿಕೊಂಡು ಬಂದು, ತಲೆ ತಿರುಗಿ ಬೆಂಚಿನ ಮೇಲೆ ಕೂತಳು. ಕೊನೆಯವಳು ಹೋದದ್ದೇ ತಡ, ಮಾಯಿಲಪ್ಪ ಒಳಗೆ ನುಗ್ಗಿದ.

"ಬೇಕೂಂತಲೇ ಮಾಡಿದ್ದು ಬಾಯಮ್ಮ, ಎಲ್ಲ ಬೇಕೂಂತಲೇ!"

"ಹೌದಾ ಮೇಸ್ತ್ರಿ? ಒಂದು ಚೊಕ್ಕ ಬಾಯಿ ಎದುರಿಗಿದ್ರೆ ಹೋಲಿಸಿ ನೋಡ್ಬಹುದಿತ್ತು. ಈ ಕಾರ್ಖಾನೆಯಲ್ಲಿ ಎಲ್ಲಿ ಸಿಕ್ಕಬೇಕು?"

ಹೊಗಳಿಕೆಗೆ ಹೊನ್ನಶೂಲವೇರುವವರು ಲೋಕದಲ್ಲಿ ಕಡಿಮೆಯೇ? ಮಾಯಿಲಪ್ಪ ಸ್ಟೂಲಿನ ಮೇಲೆ ಕೂತು ಬಾಯಿ ಅಗಲಿಸಿದ. ಅವಳು ಚಿಮಟ ಹಾಕಿ, ದವಡೆಯ ಮೂಲೆಯಿಂದ ಬಿಳಿಯ ಚೂರೊಂದನ್ನು ಎಳೆದು ಬೇಸಿನ್ನಿಗೆ ಹಾಕಿದಳು. ಮತ್ತೊಂದು. ಮೂರನೆಯದು ಅರ್ಧ ಬೀಜವೇ. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು.

"ಬೆಳಿಗ್ಗೆ ಎಂತ ತಿಂದದ್ದು ಮೇಸ್ತ್ರಿ?"

"ಗಂಜಿ," ಎಂದ ಅವನು. ಬೇಸಿನ್ನನ್ನು ನೋಡಿದ ಮೇಲೆ ಅವನ ದವಡೆ ಆಡಲೇ ಇಲ್ಲ.

"ಹೆದರ್ಬೇಡಿ ಮಾರಾಯ್ರೆ. ರೋಗಿಯ ಬಾಯಲ್ಲಿ ಕಂಡದ್ದನ್ನು ನರ್ಸ್ ಯಾರಿಗೂ ಹೇಳ್ಲಿಕ್ಕಿಲ್ಲ. ದೇಯಿಯಕ್ಕನದ್ದೂ ಹೇಳುದಿಲ್ಲ, ನಿಮ್ಮದೂ ಹೇಳುದಿಲ್ಲ. ಆದ್ರೆ ತಿಂಗಳು ಮುಗಿದ ಮೇಲೆ ನನ್ನ ಜಾಗಕ್ಕೆ ಬರುವವಳು ಹೇಗೋ ಏನೋ."

ಅಂದು ಸಂಜೆಯೇ ಮಾಯಿಲಪ್ಪ ದಣಿಗಳ ಎದುರು ಕೈಕಟ್ಟಿ ನಿಂತ. ಈ ಬಾಯಿ ನೋಡುವುದೆಲ್ಲ ದಂಡ, ಹೆಂಗಸರ ಬೆರಳು ನೆಟ್ಟಗಿದ್ದರೆ ಒಳಗಿನ ಬೀಜ ಚೂರಾಗದೆ ಇಡಿಯಾಗಿ ಬರುತ್ತದೆ, ಅದಕ್ಕೆ ಬಾಯಮ್ಮ ಇರಲೇಬೇಕು ಎಂದ. ಇಡೀ ಬೀಜಕ್ಕೆ ಸಿಗುವ ಬೆಲೆ ದಣಿಗಳಿಗೆ ಗೊತ್ತಿತ್ತು. ಹೂಂ ಎಂದರು.

ಮಾರನೆಯ ದಿನ ಕೋಣೆಯ ಬಾಗಿಲಲ್ಲಿ ದೇಯಿಯಕ್ಕ ನಿಂತಿದ್ದಳು. ಸುಟ್ಟ ಕೈಗಳು ಸೆರಗಿನ ಹೊರಗಿದ್ದವು. ಅಪೊಲೋನಿಯಾಗೆ ಕುಣಿಯುವಷ್ಟು ಸಂತೋಷವಾಯಿತು. ಬೊಕ್ಕೆ ತೊಳೆದು, ಎಣ್ಣೆ ಸವರಿ, ಬಟ್ಟೆ ಸುತ್ತಿದಳು. ದೇಯಿಯಕ್ಕ ಸೊಂಟದ ಸಂಚಿಯಿಂದ ಹುರಿದ ಗೇರುಬೀಜವೊಂದನ್ನು ತೆಗೆದು, ಬೇಡ ಎನ್ನುವ ಮೊದಲೇ ಅವಳ ಬಾಯಿಗೆ ತುರುಕಿದಳು.

ಅಷ್ಟರಲ್ಲಿ ಅಂಗಳದಲ್ಲಿ ದಣಿಗಳ ಮೆಟ್ಟಿನ ಸದ್ದು. ಅಪೊಲೋನಿಯಾಗೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ದೇಯಿಯಕ್ಕ ಸುಣ್ಣ ಸವರಿ ಮಡಚಿಟ್ಟ ಎಲೆಯಡಿಕೆಯನ್ನು ಅದರ ಬೆನ್ನಿಗೇ ತುರುಕಿ, "ಅಗಿಯಿರಿ, ಬೇಗ!" ಎಂದಳು.

ದಣಿಗಳು ಬಾಗಿಲಲ್ಲಿ ನಿಂತು ಹುಬ್ಬೇರಿಸಿದರು. "ಎಂತ ಬಾಯಮ್ಮ, ನೀವೂ ಎಲೆ ಹಾಕ್ಲಿಕ್ಕೆ ಶುರು ಮಾಡಿದ್ರಾ?"

ಅಪೊಲೋನಿಯಾ ಕೆಂಪು ಬಾಯಿ ತುಂಬ ನಕ್ಕಳು. ದಣಿಗಳಿಗೆ ಎಂತದೂ ಕಾಣಲಿಲ್ಲ.