ಉಸಿರಿನ ಜಾಗ

ಕೊಟ್ಟೂರಿನ ಬಸ್ ನಿಲ್ದಾಣದ ಎದುರು ಮದುವೆ ಕಾರ್ಡು, ಕರಪತ್ರ ಟೈಪು ಮಾಡಿಕೊಡುವ ಸುಕನ್ಯಾಳ ಅಂಗಡಿಗೆ ಹೋದವರಿಗೆಲ್ಲ ಅವಳ ಹಟ ಗೊತ್ತು. ಎರಡು ಪದಗಳ ನಡುವೆ ಕೂದಲೆಳೆಯಷ್ಟು ಜಾಗ ಹೆಚ್ಚಾದರೂ ಅವಳಿಗೆ ಮೈ ಪರಚಿಕೊಳ್ಳುವಂತಾಗುತ್ತದೆ. "ಇರಲಿ ಬಿಡಿ" ಎಂದು ಗಿರಾಕಿಯೇ ಹೇಳಿದರೂ ಬಿಡದೆ ಅಳಿಸುತ್ತಾಳೆ. ಈ ಹಟ ಕಾರ್ಡುಗಳಿಗಷ್ಟೇ ಇದ್ದಿದ್ದರೆ ಈ ಕತೆ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ.

ಅವಳ ಅಕ್ಕ ಶಿವಬಸಮ್ಮನ ಗಂಟಲಲ್ಲಿ ಗಡ್ಡೆ ಬೆಳೆದಿತ್ತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದು ದಾವಣಗೆರೆಯ ಡಾಕ್ಟರು ಹೇಳಿ ಮೂರು ವಾರದ ಆಚೆಗೆ ದಿನ ಕೊಟ್ಟರು. ಅಕ್ಕ ಅಳಲಿಲ್ಲ. "ಅವ್ವನ ಹಾಡು ಒಂದು ಸಲ ಭಜನ್ಯಾಗ ಹಾಡಿಬಿಡ್ತೀನಿ. ಆಮ್ಯಾಲೆ ಏನು ತಗೀತಾರೋ ತಗೀಲಿ" ಎಂದಳು.

ತೀರಿಹೋದ ಅವ್ವ ನಾಗಲಿಂಗಮ್ಮ ತಾನೇ ಕಟ್ಟಿದ ಮೂರು ನುಡಿಯ ಹಾಡದು. ಸೋಮವಾರದ ಭಜನೆಗೆ ಹಾರ್ಮೋನಿಯಂ ಹಿಡಿಯುತ್ತಿದ್ದ ಗುರುಸಂಗಪ್ಪನ ಬೆರಳುಗಳು ಈಗ ನಡುಗುತ್ತಿದ್ದವು. ಶಾಲೆಯಲ್ಲಿ ಕಲಿತ ಸರಿಗಮ ಬಿಟ್ಟರೆ ಏನೂ ಬಾರದ ಸುಕನ್ಯಾ, "ನಾನು ಬಾರಿಸ್ತೀನಿ" ಎಂದುಬಿಟ್ಟಳು. ಮುದುಕ ವಾದ್ಯ ಕೊಟ್ಟು ಕಳಿಸುವಾಗ ಹೇಳಿದ್ದು ಒಂದೇ ಮಾತು: "ಕಣ್ಣು ಹಾಡೋರ ಬಾಯಿ ಮ್ಯಾಲಿರಲವ್ವ."

ಅದನ್ನು ಅವಳು ಅರೆಕಿವಿಯಲ್ಲಿ ಕೇಳಿಸಿಕೊಂಡಳು. ಅಷ್ಟರಲ್ಲಾಗಲೇ ಸ್ವರಲಿಪಿ ಬರೆಯುವ ತಂತ್ರಾಂಶವೊಂದನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡಿದ್ದಳಲ್ಲ! ಅಕ್ಕ ಪಕ್ಕದಲ್ಲಿ ಕೂತು ಒಂದೊಂದೇ ಸಾಲು ಹಾಡುವಳು, ಇವಳು ಸ್ವರ ಹುಡುಕಿ ಹುಡುಕಿ ಪರದೆಯ ಮೇಲೆ ಇಡುವಳು. ದನಿಯನ್ನು ಫೋನಿನಲ್ಲಿ ಹಿಡಿದಿಟ್ಟುಕೊಳ್ಳಲು ಮಾತ್ರ ಅಕ್ಕ ಬಿಡಲಿಲ್ಲ. "ಈ ಒಡಕು ದನಿ ಯಾಕ ಇಟ್ಕೋತಿ? ಹಾಡು ಇಟ್ಕೋ, ಸಾಕು."

ತಂತ್ರಾಂಶ ತಾಳದ ಒಂದೊಂದು ಮನೆಗೂ ಎಂಟೇ ಎಣಿಕೆ ಕೇಳುತ್ತಿತ್ತು. ಅಕ್ಕ ನಡುವೆ ನಿಂತು ಉಸಿರೆಳೆದುಕೊಂಡರೆ ಒಂಬತ್ತಾಗುತ್ತಿತ್ತು, ಒಮ್ಮೊಮ್ಮೆ ಹತ್ತು. ಹೆಚ್ಚಾದದ್ದು ಕೆಂಪಗೆ ಕಾಣುತ್ತಿತ್ತು. ಸುಕನ್ಯಾ ಸಹಿಸುವುದುಂಟೇ? ಆ ಕೆಂಪು ಜಾಗಗಳನ್ನು ಒಂದೂ ಬಿಡದೆ ಅಳಿಸಿದಳು. ಹಾಡು ಅವಳ ಕಾರ್ಡುಗಳಷ್ಟೇ ನೀಟಾಯಿತು.

ಮೂರು ವಾರ ಅವಳು ಮೈಮುರಿದು ಕಲಿತಳು, ಅದನ್ನು ಅಲ್ಲಗಳೆಯಬಾರದು. ಪರದೆಯ ಮೇಲೆ ಹಸಿರು ಗೆರೆ ಸ್ವರದಿಂದ ಸ್ವರಕ್ಕೆ ಸರಿಯುತ್ತಿತ್ತು, ಅವಳ ಬೆರಳು ಅದರ ಬೆನ್ನು ಹತ್ತುತ್ತಿತ್ತು. ಮೊದಲು ನಿಧಾನ, ಆಮೇಲೆ ಸರಿಯಾದ ವೇಗ. ಅಡುಗೆಮನೆಯಿಂದ ಅಕ್ಕ ಕೇಳಿ ತಲೆದೂಗುತ್ತಿದ್ದಳು. ಇರುವ ಇಷ್ಟು ದನಿ ಕೊನೆಯ ಸೋಮವಾರಕ್ಕೆ ಉಳಿಯಲಿ ಎಂದು ಇಬ್ಬರೂ ಕೂಡಿ ಮಾತ್ರ ಒಮ್ಮೆಯೂ ಹಾಡಲಿಲ್ಲ.

ಸೋಮವಾರ ಸಂಜೆ ಗುಡಿಯ ಕಟ್ಟೆ ತುಂಬಿತ್ತು. ಸುಕನ್ಯಾ ಹಾರ್ಮೋನಿಯಂ ಮುಂದೆ ಲ್ಯಾಪ್‌ಟಾಪು ತೆರೆದಿಟ್ಟುಕೊಂಡಳು. ಮೊದಲ ನುಡಿ ಹೇಗೋ ಸಾಗಿತು. ಎರಡನೆಯದರಲ್ಲಿ ಅಕ್ಕ ಉಸಿರಿಗಾಗಿ ನಿಂತಳು. ಹಸಿರು ಗೆರೆ ನಿಲ್ಲಲಿಲ್ಲ, ಸುಕನ್ಯಾಳ ಬೆರಳೂ ನಿಲ್ಲಲಿಲ್ಲ. ಅಕ್ಕ ಅರ್ಧ ಪದ ನುಂಗಿ ಓಡಿಬಂದು ಸೇರಿಕೊಂಡಳು, ಮತ್ತೆ ಹಿಂದೆ ಬಿದ್ದಳು, ಮತ್ತೆ ಓಡಿದಳು. ಮೂರನೆಯ ನುಡಿಗೆ ಬಾಯಿ ತೆರೆದಳು, ಆಗಲಿಲ್ಲ, ಮುಚ್ಚಿದಳು. ಲ್ಯಾಪ್‌ಟಾಪಿನಿಂದ ಸುಕನ್ಯಾ ಕಣ್ಣೆತ್ತಿದಾಗ ಹಾಡು ಮುಗಿದಿತ್ತು, ಅಕ್ಕ ಮಡಿಲಲ್ಲಿ ಕೈಯಿಟ್ಟು ಕೂತಿದ್ದಳು.

"ಒಂದು ತಪ್ಪಿಲ್ದಂಗ ಬಾರಿಸಿದಿ ಬಿಡವಾ" ಎಂದಳು ಪಕ್ಕದ ಮನೆಯ ಜಂಬಕ್ಕ. ಸುಕನ್ಯಾ ಲ್ಯಾಪ್‌ಟಾಪು ಪಟ್ಟನೆ ಮುಚ್ಚಿದಳು.

ಮರುದಿನ ಬೆಳಿಗ್ಗೆಯೇ ದಾವಣಗೆರೆಯ ಬಸ್ಸು. "ಅಕ್ಕಾ, ಮೂರನೇ ನುಡಿ ಒಮ್ಮೆ ಅನ್ನು. ಮೆಲ್ಲಕ ಅನ್ನು, ನನಗಷ್ಟ ಕೇಳ್ಲಿ" ಎಂದು ಸುಕನ್ಯಾ ದುಂಬಾಲು ಬಿದ್ದಳು. ಅಕ್ಕ ಅವಳ ಕೈ ಅದುಮಿದಳು. "ಗಂಟಲು ಭಾಳ ನೋವೈತಲೇ. ಇರಲಿ ಬಿಡು, ನಿನಗ ಎಲ್ಲಾ ಬಂದೈತಲ್ಲ." ಸುಕನ್ಯಾ ಕಿಟಕಿಯ ಕಡೆ ಮುಖ ತಿರುಗಿಸಿ ಅತ್ತಳು. ಅಕ್ಕ ಬಾಯಿಬಿಟ್ಟು ಆಡಿದ ಮಾತುಗಳಲ್ಲಿ ಅವಳಿಗೆ ಇಂದಿಗೂ ಚುಚ್ಚುವುದು ಅದೇ.

ಅಕ್ಕ ಮನೆಗೆ ಮರಳಿ ತಿಂಗಳಾಯಿತು. ಕುತ್ತಿಗೆಯಲ್ಲಿ ಉಸಿರಾಡಲೊಂದು ರಂಧ್ರ, ಅದರ ಮೇಲೆ ತೆಳ್ಳನೆಯ ಬಟ್ಟೆ, ಮಾತಿಗೆ ಒಂದು ಸ್ಲೇಟು. ಹಾರ್ಮೋನಿಯಂ ಮೂಲೆಯಲ್ಲೇ ಇತ್ತು. ಒಂದು ಮಧ್ಯಾಹ್ನ ಸುಕನ್ಯಾ ಲ್ಯಾಪ್‌ಟಾಪು ತೆರೆದು, ಅಳಿಸಿದ ಜಾಗಗಳನ್ನು ಮತ್ತೆ ಇಡಲು ಕೂತಳು. ಎಲ್ಲೆಲ್ಲಿ ಎಂಬುದೇ ನೆನಪಾಗಲಿಲ್ಲ. ಹಾಳು ಕೈ ಎಂದು ತನ್ನ ಕೈಯನ್ನೇ ಬೈದುಕೊಂಡಳು.

ಅಕ್ಕ ಬಂದು ಪಕ್ಕದಲ್ಲಿ ಕೂತಳು. ಲ್ಯಾಪ್‌ಟಾಪು ಮುಚ್ಚಿ ಬದಿಗೆ ಸರಿಸಿದಳು, ಹಾರ್ಮೋನಿಯಂ ಮುಂದೆ ಎಳೆದಳು. ಸ್ಲೇಟಿನ ಮೇಲೆ ಬರೆದಳು: ಮೂರನೇದು.

ಸುಕನ್ಯಾ ಬಾರಿಸತೊಡಗಿದಳು, ಕಣ್ಣು ಅಕ್ಕನ ಬಾಯಿಯ ಮೇಲೆ. ತುಟಿಗಳು ದನಿಯಿಲ್ಲದೆ ಅವ್ವನ ಪದಗಳನ್ನು ಆಡುತ್ತಿದ್ದವು. ಸಾಲಿನ ನಡುವೆ ತುಟಿ ನಿಂತಿತು. ಕುತ್ತಿಗೆಯ ಬಟ್ಟೆ ಒಳಕ್ಕೆ ಸರಿದು, ಒಂದು ಉಸಿರು ಸುಯ್ಯೆಂದು ಒಳಹೋಯಿತು.

ಸುಕನ್ಯಾ ಬೆರಳೆತ್ತಿ ಕಾದಳು.