ಎರಡು ಕ್ಯಾಮೆರಾ, ಒಂದು ಬಿರುಕು

ಎದುರಿಗೆ ಎಲ್ಲರೂ ಅವರನ್ನು ಮಾವ ಎನ್ನುತ್ತಿದ್ದರು. ಅವರು ಅತ್ತ ತಿರುಗಿದ ಮೇಲೆ ಬಿರುಕು ಮಾವ. ಹೆಂಡತಿಗೆ ಮಾತ್ರ ಎದುರಿಗೂ ಹಿಂದೆಯೂ ಅತ್ತೆ ಎಂದೇ ಹೆಸರು. ಮೂರು ಮಹಡಿಯ ಆ ಹಳೆಯ ಕಟ್ಟಡದಲ್ಲಿ ಯಾರ ಮಗುವಿಗೆ ಜ್ವರ ಬಂದರೂ ಮೊದಲು ಅತ್ತೆಯ ಬಾಗಿಲು ತಟ್ಟುತ್ತಿದ್ದರು.

ಮಾವನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ನೆಲಮಾಳಿಗೆಯ ನಡುಗಂಬದಲ್ಲಿ ಒಂದು ಬಿರುಕು ಕಾಣಿಸಿಕೊಂಡಾಗ ಎಂಜಿನಿಯರು ಬಂದು ನೋಡಿ, "ಸದ್ಯಕ್ಕೆ ಭಯವಿಲ್ಲ. ಆದರೆ ತಿಂಗಳಿಗೊಮ್ಮೆ ಒಂದೇ ಜಾಗದಿಂದ ಫೋಟೊ ತೆಗೆದಿಡಿ. ಬೆಳೀತಾ ಇದೆ ಅನ್ನಿಸಿದರೆ ಆ ಕ್ಷಣವೇ ಹೇಳಿ" ಎಂದು ಹೋಗಿದ್ದರು. ಕ್ಯಾಮೆರಾ ಇದ್ದವರು ಮಾವ ಒಬ್ಬರೇ. ಕೆಲಸದಲ್ಲಿದ್ದಾಗ ಮನೆಮನೆಗೆ ಹೋಗಿ ವಿದ್ಯುತ್ ಮೀಟರು ಓದುತ್ತಿದ್ದವರು, ನಿವೃತ್ತಿಯಾದಾಗ ಆಸೆಪಟ್ಟು ಒಂದು ಡಿಎಸ್ಎಲ್ಆರ್ ಕೊಂಡಿದ್ದರು. ಸ್ಟ್ಯಾಂಡಿನ ಮೂರು ಕಾಲಿಗೂ ನೆಲದ ಮೇಲೆ ಬಿಳಿ ಬಣ್ಣದ ಗುರುತು ಮಾಡಿಕೊಂಡು, ಪ್ರತಿ ತಿಂಗಳೂ ಕಂಬವನ್ನು, ಅದರ ಪಕ್ಕದ ಪೈಪಿನಲ್ಲಿದ್ದ ನೀರಿನ ಮೀಟರನ್ನು ಸೇರಿಸಿ ಫೋಟೊ ತೆಗೆಯುತ್ತ ಬಂದರು.

ಒಂದು ಸಲ ಎಡವಟ್ಟಾಯಿತು. ಫ್ಲಾಶ್ ಬೆಳಕಿನಲ್ಲಿ ಜೇಡರ ಬಲೆಯ ಎಳೆಯೊಂದು ಹೊಸ ಬಿರುಕಿನಂತೆ ಕಂಡು, ಮಾವ ಗಾಬರಿಯಿಂದ ಇಡೀ ಕಟ್ಟಡವನ್ನೇ ಬೀದಿಗಿಳಿಸಿದರು. ಧೋ ಎಂದು ಸುರಿಯುವ ಮಳೆಯಲ್ಲಿ ಮುದುಕರು ಮಕ್ಕಳೆಲ್ಲ ತೊಯ್ದು ತೊಪ್ಪೆಯಾದರು. ಎಂಜಿನಿಯರು ಬಂದವರು ಕರವಸ್ತ್ರದಿಂದ ಬಿರುಕನ್ನು ಒರೆಸಿ ತೆಗೆದರು! ಆ ನಗು ಇನ್ನೂ ಮೆಟ್ಟಿಲುಗಳಲ್ಲಿ ಉಳಿದುಕೊಂಡಿತ್ತು.

ಈಗ ಮತ್ತೆ ಆತಂಕ. ಕಂಬದ ಸರಿ ಮೇಲಕ್ಕೆ ಇದ್ದದ್ದು ನಿವಾಸಿಗಳ ಸಂಘದ ಹಾಲ್. ಅಲ್ಲಿ ಡ್ಯಾನ್ಸ್ ಟೀಚರ್ ಸಂಜೆ ಹೊತ್ತು ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಎರಡು ವಾರದಿಂದ ಹಾಲ್‌ನ ಬಾಗಿಲು ನೆಲಕ್ಕೆ ಉಜ್ಜತೊಡಗಿತ್ತು. ಸಂಘದ ಕಾರ್ಯದರ್ಶಿ, ಬೀದಿ ಮೂಲೆಯ ಔಷಧದಂಗಡಿಯವನು, "ಈ ತಿಂಗಳ ಫೋಟೊ ಬರೋವರೆಗೆ ಕುಣಿತ ಬೇಡಮ್ಮ" ಎಂದು ಪಾಠ ನಿಲ್ಲಿಸಿದ್ದ. ಟೀಚರ್ ಎದುರು ಮಾತಾಡಿರಲಿಲ್ಲ. ಅವಳ ಮನೆ ನಡೆಯುವುದು ಆ ಪಾಠದಿಂದಲೇ ಎಂಬುದು ಅತ್ತೆಗೆ ಗೊತ್ತಿತ್ತು. ದಿನವೂ ಮೆಟ್ಟಿಲಲ್ಲಿ ಸಿಕ್ಕಾಗ ಅವಳು ನಕ್ಕೇ, "ಮಾವ ಫೋಟೊ ಯಾವತ್ತು ತೆಗೀತಾರೆ ಅತ್ತೆ?" ಎಂದು ಕೇಳುತ್ತಿದ್ದಳು. ಆ ನಗು ದಿನದಿನಕ್ಕೂ ತೆಳ್ಳಗಾಗುತ್ತಿತ್ತು.

ಫೋಟೊ ತೆಗೆದದ್ದು ಇವತ್ತು ಮಧ್ಯಾಹ್ನ. ಆದರೆ ಹಳೆಯ ಕ್ಯಾಮೆರಾದಲ್ಲಲ್ಲ.

ಮಾವನ ಕೈ ನಡುಗಲು ಶುರುವಾಗಿ ಕೆಲವು ತಿಂಗಳಾಗಿತ್ತು. ಇಟ್ಟಿಗೆಯಷ್ಟು ಭಾರದ ಆ ಡಿಎಸ್ಎಲ್ಆರ್ ಹಿಡಿದಾಗ ಅವರ ಮಣಿಕಟ್ಟು ಬಾಗುವುದನ್ನು ನೋಡಿಯೇ ಮಗಳು ಒಂದು ಪುಟ್ಟ ಮಿರರ್‌ಲೆಸ್ ಕ್ಯಾಮೆರಾ ಕಳಿಸಿದ್ದಳು. ಅಂಗೈಯಲ್ಲಿ ಕೂರುವಂಥದು. ಕೈ ನಡುಗಿದರೂ ಚಿತ್ರ ಅಲುಗುತ್ತಿರಲಿಲ್ಲ. ಹಿಂದಿನ ಪರದೆಯನ್ನು ಮೇಲಕ್ಕೆತ್ತಿದರೆ ಬಗ್ಗಿ ನೋಡುವ ಕಷ್ಟವಿಲ್ಲ. ಹಳೆಯದರ ಟಪ್ ಎಂಬ ಸದ್ದೂ ಇಲ್ಲ. "ಇದು ಫೋಟೊ ತೆಗೀತೋ ಇಲ್ಲವೋ ಅಂತಾನೇ ಗೊತ್ತಾಗಲ್ಲ ಕಣೇ, ಕಳ್ಳನ ಹಾಗೆ" ಎಂದು ಮಾವ ಗೊಣಗಿದರೂ, ಅದನ್ನು ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದರು.

"ಇವತ್ತು ಚಿಕ್ಕದನ್ನೇ ತಗೊಂಡು ಹೋಗಿ. ಆ ಭಾರ ಯಾಕೆ?" ಎಂದಿದ್ದವರು ಅತ್ತೆಯೇ.

"ಕಂಬದ ಫೋಟೊ ಎಲ್ಲಾ ಹಳೇದರಲ್ಲೇ ಇದೆಯಲ್ಲ?"

"ಕಂಬಕ್ಕೇನು ಗೊತ್ತಾಗುತ್ತೆ?"

ಮಾವ ಎರಡೂ ಲೆನ್ಸುಗಳ ಅಂಚಿನ ಮಿಲಿಮೀಟರ್ ಅಂಕಿ ಓದಿ ನೋಡಿದ್ದರು. ಇದರಲ್ಲೂ ಐವತ್ತು, ಅದರಲ್ಲೂ ಐವತ್ತು. ಜೀವಮಾನವಿಡೀ ಅಂಕಿಯನ್ನು ನಂಬಿ ಬದುಕಿದವರಿಗೆ ಅಷ್ಟು ಸಾಕಾಗಿತ್ತು. ಫೋಟೊ ತೆಗೆದು ಬಂದು, ಕಂಪ್ಯೂಟರಿನಲ್ಲಿ ಹೋದ ತಿಂಗಳದನ್ನೂ ಇವತ್ತಿನದನ್ನೂ ಅಕ್ಕಪಕ್ಕ ಇಟ್ಟರು. ಬಿರುಕು ಅಷ್ಟೇ ಇತ್ತು, ಕೂದಲಷ್ಟೂ ವ್ಯತ್ಯಾಸವಿರಲಿಲ್ಲ. "ಹೊಸದರಲ್ಲಿ ನೋಡು, ಗೋಡೆಯ ಮೂಲೆವರೆಗೂ ಬಂದುಬಿಟ್ಟಿದೆ!" ಎಂದು ಹೆಮ್ಮೆಪಟ್ಟು, ಕಟ್ಟಡದ ಎಲ್ಲರ ಫೋನಿಗೂ ಸುದ್ದಿ ಕಳಿಸಿದರು: ಬಿರುಕು ಇದ್ದ ಹಾಗೇ ಇದೆ, ಬದಲಾವಣೆ ಇಲ್ಲ.

ಮರುಕ್ಷಣ ಕಾರ್ಯದರ್ಶಿಯ ಉತ್ತರ ಬಂತು: ಸಂಜೆಯಿಂದ ಪಾಠ ನಡೆಸಬಹುದು. ಟೀಚರ್ ಫೋನ್ ಮಾಡದೆ ಮೇಲೆಯೇ ಓಡಿಬಂದು, ಬಾಗಿಲಲ್ಲಿ ನಿಂತು, "ಮಾವಾ, ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು" ಎಂದು ಹೇಳಿ ಹಾಗೇ ಇಳಿದುಹೋದಳು.

ಮಾವ ಒರಗು ಕುರ್ಚಿಯಲ್ಲಿ ಕಣ್ಣುಮುಚ್ಚಿದರು. ಅತ್ತೆ ಹೊಲಿಗೆಯ ಡಬ್ಬಿ ತೆಗೆದು ಕಂಪ್ಯೂಟರಿನ ಮೇಜಿನ ಬಳಿ ಕೂತರು. ಮಾವನ ಅಂಗಿಗಳ ಪುಟ್ಟ ಗುಂಡಿಗಳನ್ನೆಲ್ಲ ಕಿತ್ತು, ದೊಡ್ಡ ಗುಂಡಿ ಹಾಕುವ ಕೆಲಸ ನಡೆದಿತ್ತು. ನಡುಗುವ ಬೆರಳಿಗೆ ಹಿಡಿಯಲು ಸಿಗಲಿ ಎಂದು. ಇದನ್ನು ಅವರು ಮಾವನಿಗೆ ಹೇಳಿರಲಿಲ್ಲ. ಹಳೆಯ ಗುಂಡಿ ಸವೆದಿದೆ ಎಂದಿದ್ದರು.

ಸೂಜಿಗೆ ದಾರ ಪೋಣಿಸುತ್ತ ತಲೆಯೆತ್ತಿದಾಗ ಪರದೆಯ ಮೇಲಿನ ಎರಡು ಚಿತ್ರಗಳು ಕಣ್ಣಿಗೆ ಬಿದ್ದವು. ಏನೋ ಸರಿಯಿಲ್ಲ ಅನ್ನಿಸಿತು. ಹೋದ ತಿಂಗಳ ಚಿತ್ರದಲ್ಲಿ ನೀರಿನ ಮೀಟರಿನ ಅಂಕಿಗಳನ್ನು ಅವರು ಕೂತಲ್ಲಿಂದಲೇ ಓದಬಲ್ಲವರಾಗಿದ್ದರು. ಇವತ್ತಿನದರಲ್ಲಿ ಕಣ್ಣು ಕಿರಿದು ಮಾಡಬೇಕಾಯಿತು.

ಕೈಯಲ್ಲಿದ್ದ ಗುಂಡಿಯನ್ನು ಪರದೆಗೆ ಒತ್ತಿ ಹಿಡಿದರು. ಹೋದ ತಿಂಗಳ ಮೀಟರಿನ ದುಂಡು ಮುಖಕ್ಕೆ ಗುಂಡಿ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಇವತ್ತಿನದರ ಮೇಲೆ ಇಟ್ಟರೆ, ಗುಂಡಿ ಮೀಟರನ್ನು ಪೂರಾ ನುಂಗಿ ಸುತ್ತಲೂ ಉಳಿಯಿತು.

ಡಬ್ಬಿಯಿಂದ ಹಾಸಿಗೆ ಹೊಲಿಯುವ ದಬ್ಬಣ ತೆಗೆದು ಹೋದ ತಿಂಗಳ ಬಿರುಕಿನ ಮೇಲೆ ಇಟ್ಟರು. ಬಿರುಕು ಮರೆಯಾಯಿತು. ಇವತ್ತಿನದರ ಮೇಲೆ ಇಟ್ಟರು. ಅದೂ ಸರಿಯಾಗಿ ಮರೆಯಾಯಿತು. ಕೂದಲಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಅತ್ತೆ ಒರಗು ಕುರ್ಚಿಯ ಕಡೆ ತಿರುಗಿದರು.

"ರೀ. ಏಳಿ ಸ್ವಲ್ಪ."

"ಹ್ಞೂಂ?"

"ಇವತ್ತಿನ ಫೋಟೊದಲ್ಲಿ ಮೀಟರ್ ಚಿಕ್ಕದಾಗಿದೆ."

"ಮೀಟರ್ ಎಲ್ಲಾದ್ರೂ ಚಿಕ್ಕದಾಗುತ್ತೇನೇ? ಹೊಸದರಲ್ಲಿ ಜಾಗ ಜಾಸ್ತಿ ಹಿಡಿಸುತ್ತೆ, ಅದಕ್ಕೆ ಎಲ್ಲಾ ಒಂಚೂರು ಚಿಕ್ಕದಾಗಿ ಕಾಣುತ್ತೆ."

"ಎಲ್ಲಾ ಚಿಕ್ಕದಾಗಿದೆ ಸರಿ. ಬಿರುಕು ಮಾತ್ರ ಯಾಕೆ ಆಗಿಲ್ಲ?"

ಮಾವ ನಗಲು ಬಾಯಿ ತೆರೆದವರು, ನಗದೆ ಕುರ್ಚಿಯಿಂದೆದ್ದರು. ಹತ್ತಿರ ಬಂದು, ಗುಂಡಿಯನ್ನೂ ದಬ್ಬಣವನ್ನೂ ತಾವೇ ಇಟ್ಟು ನೋಡಿದರು. ಮಗಳು ಫೋನಿನಲ್ಲಿ ಹೇಳಿದ್ದ ಮಾತು ಈಗ ನೆನಪಾಯಿತು: "ಅಪ್ಪಾ, ಇದರ ಮೈ ಚಿಕ್ಕದು ಅಷ್ಟೇ. ಒಳಗಿನ ಸೆನ್ಸರ್ ನಿಮ್ಮ ಹಳೇದಕ್ಕಿಂತ ದೊಡ್ಡದು. ಅದೇ ಐವತ್ತರ ಲೆನ್ಸ್ ಹಾಕಿದ್ರೂ ಜಾಸ್ತಿ ಜಾಗ ಕಾಣುತ್ತೆ." ಆಗ ಅವರು ಅದನ್ನು ಹೊಗಳಿಕೆ ಎಂದು ಕೇಳಿಸಿಕೊಂಡಿದ್ದರು. ಎಲ್ಲವೂ ಕುಗ್ಗಿ ಕಾಣುವ ಚಿತ್ರದಲ್ಲಿ ಬಿರುಕು ಮೊದಲಿನಷ್ಟೇ ಕಾಣಬೇಕಾದರೆ, ಅದು ನಿಜಕ್ಕೂ ಅಷ್ಟು ಅಗಲವಾಗಿರಲೇಬೇಕು.

"ನಾನು ಹೋಗಿ ಪಾಠ ನಿಲ್ಲಿಸ್ತೀನಿ" ಎಂದು ಅತ್ತೆ ಸೂಜಿ ಗುಂಡಿ ಹಿಡಿದೇ ಎದ್ದರು.

"ಏನಂತ ಹೇಳ್ತೀಯ? ಗುಂಡಿ ಇಟ್ಟು ನೋಡಿದ್ವಿ ಅಂತಲಾ?" ಎಂದರು ಮಾವ. "ಜೇಡರ ಬಲೆ ಆಯ್ತು, ಈಗ ಅಂಗಿ ಗುಂಡಿ! ಈಗಷ್ಟೇ ಏನೂ ಇಲ್ಲ ಅಂತ ಬರೆದವನು ನಾನೇ. ನನ್ನ ಮಾತನ್ನ ಯಾರು ನಂಬ್ತಾರೆ?"

"ನಂಬದಿದ್ರೆ ನಗಲಿ ಬಿಡಿ."

"ನಕ್ಕು ಪಾಠ ಮುಂದುವರಿಸಿದ್ರೆ?"

ಅತ್ತೆ ಹೊಲಿಯುತ್ತಿದ್ದ ಅಂಗಿಯನ್ನೇ ಅವಸರದಲ್ಲಿ ತೊಟ್ಟು, ಮಾವ ಬೀರುವಿನ ಮೇಲಿನಿಂದ ಹಳೆಯ ಕ್ಯಾಮೆರಾದ ಚೀಲ ಇಳಿಸಿದರು. "ಮಕ್ಕಳು ಬರೋಕೆ ಇನ್ನೂ ಹೊತ್ತಿದೆ. ಇದರಲ್ಲಿ ಒಂದೇ ಒಂದು ಫೋಟೊ. ಆಮೇಲೆ ಯಾರೂ ನಗಲ್ಲ."

ನೆಲಮಾಳಿಗೆಯಲ್ಲಿ ಒಂದೇ ಬಲ್ಬು. ಸ್ಟ್ಯಾಂಡಿನ ತಲೆಗೆ ಹೊಸ ಕ್ಯಾಮೆರಾವನ್ನು ಕೂರಿಸುವ ಲೋಹದ ಬಿಲ್ಲೆ ಹಾಗೇ ಸಿಕ್ಕಿಕೊಂಡಿತ್ತು. ಅದನ್ನು ಬಿಚ್ಚಿ ಹಳೆಯದನ್ನು ಕೂರಿಸಬೇಕು. ಮಾವನ ಬೆರಳು ತಿರುಪನ್ನು ಹಿಡಿದು ಜಾರಿತು, ಮತ್ತೆ ಹಿಡಿದು ಮತ್ತೆ ಜಾರಿತು. ಅತ್ತೆ ತಮ್ಮ ಕೈಯನ್ನು ಅವರ ಕೈ ಮೇಲಿಟ್ಟು ತಿರುಗಿಸಿದರು. ಭಾರದ ಕ್ಯಾಮೆರಾವನ್ನು ಕೂರಿಸುವಾಗ ಅತ್ತೆಯ ಬಲಗೈಯೂ ಸೇರಿ ಮೂರು ಕೈ ಬೇಕಾದವು.

ಅಷ್ಟರಲ್ಲಿ ತಲೆಯ ಮೇಲೆ ಧಡ್ ಎಂದಿತು.

ಇಬ್ಬರೂ ಮೇಲೆ ನೋಡಿದರು. ಇನ್ನೊಂದು ಧಡ್. ಆಮೇಲೆ ಹಾಡು, ಅದರ ಜೊತೆಗೆ ಇಪ್ಪತ್ತು ಮೂವತ್ತು ಪುಟ್ಟ ಪಾದಗಳು ಒಟ್ಟಿಗೆ. ಎರಡು ವಾರ ಕಾದ ಮಕ್ಕಳಲ್ಲವೇ, ಹೊತ್ತಿಗೆ ಮೊದಲೇ ಬಂದುಬಿಟ್ಟಿದ್ದವು.

"ಬನ್ರೀ, ಹೋಗೋಣ!" ಎಂದರು ಅತ್ತೆ.

"ಒಂದು ಕ್ಷಣ." ನಡುಗುವ ಬೆರಳಿನಿಂದ ಒತ್ತಿದರೆ ಹಳೆಯದರಲ್ಲಿ ಚಿತ್ರ ಅಲುಗಿಹೋಗುತ್ತಿತ್ತು. ಆದ್ದರಿಂದ ಮಾವ ಅದರಷ್ಟಕ್ಕೆ ತೆಗೆದುಕೊಳ್ಳುವಂತೆ ಟೈಮರ್ ಇಟ್ಟು ಕೈ ಹಿಂದಕ್ಕೆಳೆದರು. ಕ್ಯಾಮೆರಾದ ಮುಂದಿನ ಕೆಂಪು ದೀಪ ಮಿಟುಕತೊಡಗಿತು. ಮೇಲೆ ಧಡ್, ಇಲ್ಲಿ ಮಿಟುಕು. ಸೂರಿನಿಂದ ಸುಣ್ಣದ ಪುಡಿ ಉದುರಿ ಅತ್ತೆಯ ಕೂದಲು, ಮುಂಗೈ ಮೇಲೆ ಬಿತ್ತು. ಅವರು ಅದನ್ನು ಒರೆಸಿಕೊಳ್ಳಲಿಲ್ಲ. ದೀಪದ ಮಿಟುಕು ಬೇಗಬೇಗನೆ ಆಯಿತು.

ಟಪ್.

ಅತ್ತೆಗೆ ಆ ಸದ್ದು ಎಂದೂ ಅಷ್ಟು ಹಿತವಾಗಿ ಕೇಳಿಸಿರಲಿಲ್ಲ.

ಹೋದ ತಿಂಗಳ ಚಿತ್ರವೂ ಅದೇ ಮೆಮೊರಿ ಕಾರ್ಡಿನಲ್ಲಿತ್ತು. ಮಾವ ಹಿಂದಿನ ಪರದೆಯಲ್ಲಿ ಒಂದಾದ ಮೇಲೊಂದರಂತೆ ತಿರುಗಿಸಿದರು. ಹೋದ ತಿಂಗಳು, ಈಗ. ಹೋದ ತಿಂಗಳು, ಈಗ. ಕಂಬ ಅಲುಗಲಿಲ್ಲ, ಪೈಪು ಅಲುಗಲಿಲ್ಲ, ಮೀಟರು ಇದ್ದಲ್ಲೇ ಇದ್ದಷ್ಟೇ ಇತ್ತು. ಬಿರುಕು ಮಾತ್ರ, ಮುಚ್ಚಿದ ತುಟಿ ಮಾತಾಡಲು ತೆರೆದಂತೆ, ಅಗಲವಾಯಿತು.

ಸ್ಟ್ಯಾಂಡನ್ನು ಅಲ್ಲಿಯೇ ಬಿಟ್ಟು, ಕ್ಯಾಮೆರಾ ಬಿಚ್ಚಿಕೊಂಡು ಇಬ್ಬರೂ ಮೆಟ್ಟಿಲು ಹತ್ತಿದರು. ಅತ್ತೆ ಕ್ಯಾಮೆರಾದ ತಳಕ್ಕೆ ಅಂಗೈ ಕೊಟ್ಟಿದ್ದರು. ಹಾಲ್‌ನ ಮುಂದೆ ಕಾರ್ಯದರ್ಶಿ ಬಾಗಿಲಿನೊಡನೆ ಗುದ್ದಾಡುತ್ತಿದ್ದ. ಅದು ಅರ್ಧಕ್ಕೇ ನಿಂತಿತ್ತು.

"ನಿನ್ನೆ ಪೂರ್ತಿ ತೆರೀತಿತ್ತು, ಇವತ್ತು ಹಟ ಹಿಡಿದಿದೆ ನೋಡಿ ಮಾವ" ಎಂದ.

"ಪಾಠ ನಿಲ್ಲಿಸಪ್ಪ. ಮಕ್ಕಳನ್ನ ಹೊರಗೆ ಕಳಿಸು."

ಕಾರ್ಯದರ್ಶಿ ಸೊಂಟಕ್ಕೆ ಕೈಯಿಟ್ಟುಕೊಂಡ. "ಏನೂ ಆಗಿಲ್ಲ ಅಂತ ನೀವೇ ತಾನೇ ಬರೆದದ್ದು? ಮತ್ತೆ ಜೇಡ ಬಂತಾ?"

ಮಾವನ ಮುಖ ಸಪ್ಪಗಾಯಿತು. ಆದರೂ ಕ್ಯಾಮೆರಾವನ್ನು ಮುಂದೆ ಚಾಚಿದರು. ಕೈ ಎಷ್ಟು ನಡುಗುತ್ತಿತ್ತೆಂದರೆ ಪರದೆಯಲ್ಲಿ ಏನೂ ಕಾಣುವಂತಿರಲಿಲ್ಲ. "ಬರೆದದ್ದು ತಪ್ಪು. ನಾನು ಕ್ಯಾಮೆರಾ ಬದಲಾಯಿಸಿದ್ದೆ, ಅದಕ್ಕೇ ಗೊತ್ತಾಗಲಿಲ್ಲ. ನೀನೇ ಹಿಡಿದು ನೋಡು. ನಗೋದಿದ್ರೆ ಆಮೇಲೆ ನಗು."

ಕಾರ್ಯದರ್ಶಿ ಕ್ಯಾಮೆರಾ ತೆಗೆದುಕೊಂಡ. ಆದರೆ ಅವನು ನೋಡಿ ಮುಗಿಸುವ ಮೊದಲೇ ಒಳಗೆ ಹಾಡು ನಿಂತಿತು. ಬಾಗಿಲ ಸಂದಿನಲ್ಲಿ ಡ್ಯಾನ್ಸ್ ಟೀಚರ್ ನಿಂತಿದ್ದಳು. ಅವಳು ಚಿತ್ರ ನೋಡಿರಲಿಲ್ಲ, ಪ್ರಶ್ನೆಯನ್ನೂ ಕೇಳಲಿಲ್ಲ. ಅತ್ತೆಯ ಕೂದಲ ಮೇಲಿನ ಸುಣ್ಣದ ಪುಡಿಯನ್ನು ನೋಡಿದಳು, ಅಷ್ಟೇ. ಮಕ್ಕಳ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟಳು.

"ಈಗ ಎಲ್ಲರೂ ಬೆಕ್ಕುಗಳು. ಇಲಿ ಮಲಗಿದೆ. ಯಾರ ಹೆಜ್ಜೆ ಸದ್ದಾಗುತ್ತೋ ಅವರು ಔಟ್. ಒಂದೊಂದೇ ಬೆಕ್ಕು ಗೋಡೆ ಪಕ್ಕದಲ್ಲೇ ಬಂದು, ಬಾಗಿಲಲ್ಲಿ ನುಸುಳಿ, ಬೀದಿವರೆಗೆ."

ಮಕ್ಕಳು ತುದಿಗಾಲಲ್ಲಿ ಹೊರಟವು. ಅರ್ಧ ತೆರೆದ ಬಾಗಿಲಲ್ಲಿ ಒಂದೊಂದೇ ಅಡ್ಡವಾಗಿ ನುಸುಳಿದವು. ಒಬ್ಬ ಹುಡುಗ ನಗು ತಡೆಯಲಾಗದೆ ಬಾಯಿಗೆ ಎರಡೂ ಕೈ ಒತ್ತಿಕೊಂಡಿದ್ದ. ಎಲ್ಲೋ ಕೆಳಗೆ ಕಟ್ ಎಂದು ಸಣ್ಣ ಸದ್ದಾಯಿತು, ಒಣ ಕಡ್ಡಿ ಮುರಿದಂತೆ. ದೊಡ್ಡವರು ನಾಲ್ವರ ಕಣ್ಣೂ ಒಂದು ಕ್ಷಣ ಸೇರಿದವು. ಕಾರ್ಯದರ್ಶಿ ಕ್ಯಾಮೆರಾವನ್ನು ಕುತ್ತಿಗೆಗೆ ಹಾಕಿಕೊಂಡು, ಬಾಗಿಲಿಗೆ ಭುಜ ಕೊಟ್ಟು ಅದು ಮುಚ್ಚಿಕೊಳ್ಳದಂತೆ ನಿಂತ. ಕೊನೆಯ ಬೆಕ್ಕಿನ ಹಿಂದೆ ಟೀಚರ್ ಬರುವವರೆಗೂ ಅಲ್ಲಿಂದ ಕದಲಲಿಲ್ಲ.

ಆಮೇಲೆ ಅವನೇ ಮಹಡಿಗಳಿಗೆ ಓಡಿದ. ಎಲ್ಲರೂ ಇಳಿದು ಎದುರಿನ ಬೀದಿಯಲ್ಲಿ ಸೇರಿದರು. ಈ ಸಲ ಮಳೆಯಿರಲಿಲ್ಲ, ಗೊಣಗಾಟವೂ ಇರಲಿಲ್ಲ. ಸುದ್ದಿ ತಿಳಿದು ಬಂದ ಎಂಜಿನಿಯರು ಗಟ್ಟಿ ಟೊಪ್ಪಿಗೆ ಹಾಕಿಕೊಂಡು ಒಬ್ಬರೇ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಬಿರುಸಾಗಿ ಹೊರಬಂದು ಫೋನಿನಲ್ಲಿ, "ಸೂರಿಗೆ ಕೊಡೋ ಕಬ್ಬಿಣದ ಆನಿಕೆ ಎಷ್ಟಿವೆಯೋ ಅಷ್ಟನ್ನೂ ತನ್ನಿ. ಈಗಲೇ!" ಎಂದು ಕೂಗಿದರು. ಮಾವನ ಹತ್ತಿರ ಬಂದು ಮೆಲ್ಲಗೆ, "ಇವತ್ತು ಕುಣಿತ ಪೂರ್ತಿ ನಡೆದಿದ್ದರೆ..." ಎಂದವರು ಬೀದಿಯಲ್ಲಿ ಕೂತ ಮಕ್ಕಳನ್ನು ನೋಡಿ ಮಾತು ಮುಗಿಸಲಿಲ್ಲ.

ಕಾರ್ಯದರ್ಶಿ ಅಂಗಡಿಯಿಂದ ಎರಡು ಕುರ್ಚಿ ತಂದು ಅತ್ತೆ ಮಾವನಿಗೆ ಹಾಕಿದ. ಹಳೆಯ ಕ್ಯಾಮೆರಾ ಇನ್ನೂ ಅವನ ಕುತ್ತಿಗೆಯಲ್ಲೇ ಇತ್ತು. ಮಾವ ಕೈಚಾಚಿದರೆ, "ಇರಲಿ ಮಾವ, ಭಾರ ಇದೆ" ಎಂದ. ಟೀಚರ್ ದೂರದಲ್ಲಿ ಮಕ್ಕಳ ಅಪ್ಪ ಅಮ್ಮಂದಿರಿಗೆ ಒಬ್ಬೊಬ್ಬರಾಗಿ ಅವರವರ ಬೆಕ್ಕನ್ನು ಒಪ್ಪಿಸುತ್ತಿದ್ದಳು. ಇನ್ನು ಎಷ್ಟು ತಿಂಗಳು ಪಾಠವಿಲ್ಲವೋ! ಅತ್ತೆ ಅವಳ ಮುಖವನ್ನೇ ನೋಡುತ್ತಿದ್ದರು. ಕಾರ್ಯದರ್ಶಿಯೂ ಅತ್ತಲೇ ನೋಡುತ್ತಿದ್ದ. "ನಮ್ಮ ಗೋದಾಮಿನ ಮಾಳಿಗೆ ಖಾಲಿ ಇದೆ ಅತ್ತೆ. ಪೆಟ್ಟಿಗೆ ಸರಿಸಿದ್ರೆ ಮಕ್ಕಳು ಕುಣೀಬಹುದು. ಅಲ್ಲಿನ ಕಂಬ ಗಟ್ಟಿ ಇದೆ" ಎಂದು ಯಾರಿಗೂ ಹೇಳದವನಂತೆ ಹೇಳಿದ.

ಅಷ್ಟರಲ್ಲಿ ಪುಟ್ಟ ಹುಡುಗಿಯೊಬ್ಬಳು ತುದಿಗಾಲಲ್ಲೇ ಬಂದು ಮಾವನ ಮುಂದೆ ನಿಂತಳು. "ಬಿರುಕು ಮಾವ, ಈಗ ಜೋರಾಗಿ ನಡೀಬಹುದಾ?"

ಸುತ್ತ ಇದ್ದ ದೊಡ್ಡವರೆಲ್ಲ ಮುಖ ಮುಖ ನೋಡಿಕೊಂಡರು. ಕಾರ್ಯದರ್ಶಿ ಕ್ಯಾಮೆರಾದ ಪಟ್ಟಿಯನ್ನು ಸುಮ್ಮನೆ ಸರಿಪಡಿಸಿಕೊಂಡ.

"ನಡಿ ಪುಟ್ಟಿ" ಎಂದರು ಮಾವ. "ಇದು ರಸ್ತೆ. ಕುಣಿದರೂ ಏನಾಗಲ್ಲ. ಬಿರುಕು ಮಾವನೇ ಹೇಳ್ತಿದ್ದೀನಿ."

ಹುಡುಗಿ ಧಡಧಡನೆ ಓಡಿದಳು. ಆ ಸದ್ದಿಗೆ ಅತ್ತೆ ಬೆಚ್ಚಿಬಿದ್ದು, ಆಮೇಲೆ ತಮ್ಮ ಎಡಗೈ ಮುಷ್ಟಿ ಇನ್ನೂ ಬಿಗಿದೇ ಇರುವುದನ್ನು ಕಂಡರು. ಬಿಡಿಸಿದರೆ ಅಂಗೈಯಲ್ಲಿ ಗುಂಡಿ, ಅದರ ಕಣ್ಣಿಗೆ ಸಿಕ್ಕಿಕೊಂಡ ದಾರ, ಸೂಜಿ. ಸೂಜಿ ಯಾವಾಗಲೋ ಚುಚ್ಚಿ ಒಂದು ಹನಿ ರಕ್ತ ಒಣಗಿತ್ತು. ಅತ್ತೆ ಮಾವನ ಅಂಗಿಯ ಕಡೆ ನೋಡಿದರು. ಎರಡನೆಯ ಗುಂಡಿಯ ಜಾಗ ಖಾಲಿಯಿತ್ತು.

"ಇತ್ತ ತಿರುಗಿ" ಎಂದರು.

"ಇಲ್ಲಾ? ಬೀದೀಲಾ? ಎಲ್ಲಾ ನೋಡ್ತಾರೆ ಕಣೇ."

"ನೋಡಲಿ. ಅಲುಗಾಡಬೇಡಿ."

"ಅಲುಗಾಡಬೇಡ ಅಂದ್ರೆ ನನ್ನ ಕೈಲಿದೆಯಾ?" ಮಾವ ಗುಂಡಿಯ ದಪ್ಪವನ್ನು ಬೆರಳಿನಿಂದ ಮುಟ್ಟಿ ನೋಡಿದರು. ಮಿಕ್ಕ ಗುಂಡಿಗಳನ್ನೂ ಒಂದೊಂದಾಗಿ ಮುಟ್ಟಿದರು. ಎಲ್ಲವೂ ದೊಡ್ಡವೇ. ಅವರು ಹೆಂಡತಿಯ ಮುಖ ನೋಡಿದರು; ಅತ್ತೆ ಸೂಜಿಯನ್ನೇ ನೋಡುತ್ತಿದ್ದರು.

"ಹಳೇದು ಸವೆದಿತ್ತು ಅಂದೆಯಲ್ಲ" ಎಂದರು ಮಾವ.

"ಹ್ಞೂಂ, ಸವೆದಿತ್ತು" ಎಂದು ಅತ್ತೆ ದಾರ ಎಳೆದರು.